ಬೆಂಚಿನ ಮೇಲೆ ನಿಂತ ಜಲಜಾಕ್ಷಿ ಟೀಚರ್

ಜಲಜಾಕ್ಷಿ ಟೀಚರಿಗೆ ನಾಯಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ರಸ್ತೆಯಲ್ಲಿ ದೂರಕ್ಕೊಂದು ಬಾಲ ಅಲ್ಲಾಡಿತೆಂದರೆ ಸಾಕು, ಮಳೆಯಿರಲಿ ಬಿಸಿಲಿರಲಿ, ಕೈಯಲ್ಲಿದ್ದ ಕೊಡೆ ಪಟ್ಟನೆ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಗುರಾಣಿಯ ಹಾಗೆ ಅಡ್ಡ ಹಿಡಿದು, ಚರಂಡಿಯ ಅಂಚಿಗೆ ಅಂಟಿಕೊಂಡು, ನಾಯಿಯ ಮೇಲಿಂದ ಕಣ್ಣು ಕೀಳದೆ ಅವರು ಮುಂದೆ ಸಾಗುವುದನ್ನು ಕೊಪ್ಪದ ನಮ್ಮ ಬೀದಿಯವರು ದಿನಾ ನೋಡುತ್ತಿದ್ದರು. ತಮಾಷೆಯೆಂದರೆ, ಆ ಬೀದಿಯಲ್ಲಿ ಯಾರೇ ನಾಯಿಮರಿ ತಂದರೂ ಅದಕ್ಕೆ ಮನೆಯೊಳಗೆ ಹೊಲಸು ಮಾಡದಂತೆ ಕಲಿಸುತ್ತಿದ್ದವರು ಇದೇ ಟೀಚರ್. ಒಂದನ್ನೂ ಮುಟ್ಟದೆ, ಒಂದರ ಹತ್ತಿರವೂ ಸುಳಿಯದೆ, ಕಾಂಪೌಂಡ್ ಗೋಡೆಯ ಆಚೆ ನಿಂತು, ಕೊಡೆ ಬಿಚ್ಚಿಕೊಂಡೇ ಕಲಿಸುತ್ತಿದ್ದರು.

ಇಷ್ಟು ಹೆದರುವವರಿಗೆ ನಾಯಿಯ ವಿಷಯ ಇಷ್ಟೆಲ್ಲ ಹೇಗೆ ಗೊತ್ತು ಎಂದು ನಾನೊಮ್ಮೆ ಕೇಳಿದ್ದೆ. ಚಿಕ್ಕವರಿದ್ದಾಗ ಶೃಂಗೇರಿಯಲ್ಲಿ ನಾಯಿ ಕಚ್ಚಿ, ಆ ಕಾಲದ ಪದ್ಧತಿಯಂತೆ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡ ಕಥೆಯನ್ನು ಮೊದಲು ಹೇಳಿದರು. ಆಮೇಲೆ, "ಪ್ರೀತಿ ಇದ್ದೋರು ನಾಯಿ ಮುಖ ನೋಡ್ತಾರೆ ಮಾರಾಯ್ತಿ. ಹೆದರಿಕೆ ಇದ್ದೋರು ಅದು ಮುಂದೆ ಎಂತ ಮಾಡತ್ತೆ ಅಂತ ನೋಡ್ತಾರೆ. ನಾನು ಜನ್ಮ ಪೂರ್ತಿ ಅದನ್ನೇ ನೋಡ್ಕಂಡು ಬಂದಿದೀನಿ" ಎಂದರು.

ಅವರು ಶಿಶುವಿಹಾರದ ಟೀಚರಾಗಿ ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಮಾಡಿದವರಿಗೆ, ವರ್ಷ ವರ್ಷ ಹೊಸ ಮಕ್ಕಳು ಸಿಗುವಾಗ ನಡುವೆ ಒಬ್ಬ ಗಂಡನ ಕಾಟ ಎಂತಕ್ಕೆ ಎಂದು ಬಾಯಿ ಮುಚ್ಚಿಸುತ್ತಿದ್ದರು. ಒಂದಕ್ಕೆ ಬಂದರೆ ಕಿರುಬೆರಳು ಎತ್ತಬೇಕು ಎಂಬ ಜೀವನದ ಮೊದಲ ಪಾಠವನ್ನು ಊರಿನ ಅರ್ಧದಷ್ಟು ಜನ ಅವರಿಂದಲೇ ಕಲಿತಿದ್ದರು. ಮೆಡಿಕಲ್ ಶಾಪಿನವರು, ವಕೀಲರು, ಭಟ್ಟರ ಮಗ, ಎಲ್ಲರೂ ಅವರನ್ನು ಕಂಡ ಕೂಡಲೇ ಬೆನ್ನು ನೆಟ್ಟಗೆ ಮಾಡಿ ನಿಲ್ಲುವರು. ಟೀಚರ್ ಎದುರಿಗೆ ಬಂದರೆ ಈಗಲೂ ಒಂದಕ್ಕೆ ಬಂದ ಹಾಗಾಗುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಅವರೂ ಅದೇ ಶಿಶುವಿಹಾರದ ಸರಕು.

ನಾನು ದಾವಣಗೆರೆಯವಳು. ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳಲ್ಲಿ, ಮೊಬೈಲು ಹಿಡಿದು ಮಾಳಿಗೆ ಮೆಟ್ಟಿಲು ಹತ್ತಿ ಸಿಗ್ನಲ್ ಹುಡುಕುತ್ತಿದ್ದ ಕಾಲದಲ್ಲಿ, ಮದುವೆಯಾಗಿ ಕೊಪ್ಪಕ್ಕೆ ಬಂದೆ. ಅತ್ತೆ ಪದ್ಮಾವತಮ್ಮ ಕೆಟ್ಟವರಲ್ಲ, ಮಡಿಯವರು. ಯಾವ ಚೊಂಬು ದೇವರಿಗೆ, ಯಾವುದು ಕಾಲಿಗೆ, ಯಾವ ಹೊಸ್ತಿಲನ್ನು ಯಾವ ಹೊತ್ತಿನಲ್ಲಿ ದಾಟಬಾರದು ಎಂಬುದೆಲ್ಲ ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ಏನು ಮುಟ್ಟಿದರೂ ತಪ್ಪು. ಅಡುಗೆಮನೆಯಲ್ಲಿ ಕೈ ಕಟ್ಟಿಕೊಂಡು ನಿಲ್ಲುವುದೊಂದೇ ನಾನು ತಪ್ಪಿಲ್ಲದೆ ಮಾಡುತ್ತಿದ್ದ ಕೆಲಸ. ನನ್ನ ಮುಖ ನೋಡಲಾರದೆ ಯಜಮಾನರು ಒಂದು ಸಂಜೆ ಶೆಟ್ಟಿಕೊಪ್ಪದ ಸ್ನೇಹಿತರ ಮನೆಯಿಂದ ಬೆತ್ತದ ಬುಟ್ಟಿಯಲ್ಲಿ ಒಂದು ನಾಯಿಮರಿ ತಂದರು. ಕಂದು ಬಣ್ಣ, ಹೊಟ್ಟೆ ಮಾತ್ರ ಗುಂಡಗೆ, ಉಳಿದದ್ದೆಲ್ಲ ಕಿವಿ. ಅದಕ್ಕೆ ಟೈಗರ್ ಎಂದು ಹೆಸರಿಟ್ಟರು. ಬುಟ್ಟಿಯಿಂದ ಇಳಿದದ್ದೇ ಅದು ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗಿತು. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ನನಗೆ ಸಿಕ್ಕ ಮೊದಲ ಜೀವ ಅದು.

ಅದು ಎದ್ದು ನಡುಮನೆಯ ಮಧ್ಯಕ್ಕೆ ಹೋಗಿ ಉಚ್ಚೆ ಹೊಯ್ದದ್ದೂ ಆಗಲೇ. ಅತ್ತೆ ಕೂಗಾಡಲಿಲ್ಲ. ಶ್ರಾವಣದಲ್ಲಿ ಸತ್ಯನಾರಾಯಣ ಪೂಜೆ ಇದೆ, ಶೃಂಗೇರಿಯಿಂದ ಅಣ್ಣ ಬರುತ್ತಾನೆ, ಅಷ್ಟರೊಳಗೆ ಇದಕ್ಕೆ ಬುದ್ಧಿ ಬಂದರೆ ಸರಿ, ಇಲ್ಲವಾದರೆ ಬುಟ್ಟಿ ಇನ್ನೂ ಇಲ್ಲೇ ಇದೆ ಎಂದರು. ಆ ಬುಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಜಗಲಿಯ ಗೂಟಕ್ಕೆ ತೂಗುಹಾಕಿದರು.

ಮರುದಿನ ಮರಿ ಮತ್ತೆ ಅದೇ ಜಾಗದಲ್ಲಿ ಅದೇ ಕೆಲಸ ಮಾಡಿತು. ಯಜಮಾನರು ಅದರ ಕುತ್ತಿಗೆ ಹಿಡಿದು ಹಿತ್ತಿಲಿಗೆ ತಂದು, ನನ್ನಿಂದ ಒರೆಸಿದ ಬಟ್ಟೆ ತರಿಸಿ, ಅದರ ಮೂತಿಯನ್ನು ಅದಕ್ಕೇ ತಿಕ್ಕಲು ಹೊರಟರು. ನಾಯಿಗೆ ಬುದ್ಧಿ ಕಲಿಸುವ ದಾರಿ ಅದೇ ಎಂದು ಯಾರೋ ಹೇಳಿದ್ದರಂತೆ. ಪಕ್ಕದ ಮನೆಯ ಕಡೆಯಿಂದ, ಗೋಡೆಯ ಆಚೆಯಿಂದ ಒಂದು ಧ್ವನಿ ಬಂತು.

"ರಮೇಶ, ಕೈ ತೆಗಿ."

ಸರ್ಕಾರಿ ಕಚೇರಿಯಲ್ಲಿ ಹತ್ತಾರು ಜನರ ಮೇಲೆ ಅಧಿಕಾರ ನಡೆಸುವ ನನ್ನ ಗಂಡ ಮರಿಯನ್ನು ಬಿಟ್ಟು, ಕೈ ಹಿಂದೆ ಕಟ್ಟಿ ನಿಂತುಬಿಟ್ಟರು. ಗೋಡೆಯ ಮೇಲೆ ಕಪ್ಪು ಕೊಡೆಯೊಂದು ಮೂಡಿತು, ಅದರ ಪಕ್ಕದಲ್ಲಿ ಕನ್ನಡಕ. ಹಾಗೆ ನನಗೂ ಟೈಗರಿಗೂ ಒಟ್ಟಿಗೇ ಶಾಲೆ ಶುರುವಾಯಿತು.

ಟೀಚರ್ ಮೊದಲು ಹೆಸರನ್ನೇ ಆಕ್ಷೇಪಿಸಿದರು. ಹುಲಿ ಎಂದು ಹೆಸರಿಟ್ಟರೆ ಅದು ಮನೆ ತುಂಬ ಗಡಿ ಗುರುತು ಹಾಕದೆ ಬಿಡುತ್ತದೆಯೇ ಎಂದರು. ತಾವು ಮಾತ್ರ ಕೊನೆಯವರೆಗೂ 'ಮರಿ' ಎಂದೇ ಕರೆದರು. ಆಮೇಲೆ ಪಾಠ. ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಕೂಡಲೇ, ಕುಣಿದು ಸುಸ್ತಾದ ಕೂಡಲೇ ಮರಿಯನ್ನು ಎತ್ತಿಕೊಂಡು ಹೋಗಿ ಒಂದೇ ಜಾಗದಲ್ಲಿ ಬಿಡಬೇಕು, ದಿನಾ ಅದೇ ಜಾಗ, ಅದೇ ಮಾತು. ಆಟದ ನಡುವೆ ಸುಮ್ಮನಾಗಿ ನೆಲ ಮೂಸುತ್ತ ಸುತ್ತಿತೆಂದರೆ ಕೈಯಲ್ಲಿದ್ದದ್ದನ್ನು ಬಿಸಾಕಿ ಓಡಬೇಕು. "ಮೂಗು ನೆಲಕ್ಕೆ ಹೋಯ್ತು ಅಂದ್ರೆ ಬೆಲ್ ಹೊಡೀತು ಅಂತ ಲೆಕ್ಕ" ಎನ್ನುತ್ತಿದ್ದರು. ಸರಿಯಾದ ಜಾಗದಲ್ಲಿ ಮಾಡಿದರೆ ಆ ಕ್ಷಣವೇ 'ಶಭಾಷ್' ಎಂದು ಹೇಳಿ ದೋಸೆಯ ಗರಿಗರಿ ಅಂಚಿನ ಒಂದು ಚೂರು ಕೊಡಬೇಕು. ಶಿಶುವಿಹಾರದಲ್ಲಾದರೆ ಬೆಲ್ಲ, ನಾಯಿಗೆ ಬೆಲ್ಲ ಕೂಡದು, ಆದ್ದರಿಂದ ದೋಸೆ. ಕೊಡುವುದು ಮಾತ್ರ ನಾನು. ಚೂರನ್ನು ಗೋಡೆಯ ಮೇಲಿಂದ ಎಸೆಯಬಹುದಲ್ಲ ಎಂದರೆ, ತಮ್ಮ ಕೈಯ ವಾಸನೆ ನಾಯಿಗೆ ಗೊತ್ತಾಗುವುದೇ ಬೇಡ ಎಂದು ಕೊಡೆಯನ್ನು ಇನ್ನಷ್ಟು ಕೆಳಗೆ ಇಳಿಸುವರು.

ಒಳಗೆ ಮಾಡಿಬಿಟ್ಟರೆ ಏನು ಮಾಡಬೇಕು ಎಂಬುದರಲ್ಲಿ ಅವರು ಬಹಳ ಕಟ್ಟುನಿಟ್ಟು. ಫಿನಾಯಿಲ್ ಬೇಡ, ಮರಿ ನೆಕ್ಕುತ್ತದೆ. ನಿಂಬೆಹುಳಿ ಹಿಂಡಿದ ನೀರಿನಲ್ಲಿ ಒರೆಸಬೇಕು, ವಾಸನೆ ಉಳಿದರೆ ಅದು ನಾಳೆ ಅಲ್ಲಿಗೇ ಬರುತ್ತದೆ. ಒರೆಸುವಾಗ ಬಾಯಿ ಬಿಡಬಾರದು. "ಬೈಬಾರ್ದು, ನಗಬಾರ್ದು, ಅಯ್ಯೋ ಪಾಪ ಅಂತ್ಲೂ ಅನ್ಬಾರ್ದು. ತಪ್ಪು ಮರೀದಲ್ಲ, ಹೊತ್ತು ನೋಡದೆ ಇದ್ದೋರದ್ದು." ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಅತ್ತೆ ನನ್ನ ಕೈತಪ್ಪಿಗೆ ಗೊಣಗಿದಾಗಲೆಲ್ಲ ನನಗೆ ಒಳಗೊಳಗೇ ಇದು ಕೇಳಿಸುತ್ತಿತ್ತು.

ಮರಿ ಸಾಕುವುದೆಂದರೆ ಅದಿಷ್ಟೇ ಅಲ್ಲವಲ್ಲ. ಹಸಿ ಹಾಲು ಕುಡಿಸಿ ಭೇದಿ ಮಾಡಿಸಿದ್ದಕ್ಕೆ ಬೈಸಿಕೊಂಡೆ. ಮೆತ್ತಗೆ ಬೆಂದ ಅನ್ನಕ್ಕೆ ಮಜ್ಜಿಗೆ ಕಲಸಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡುವುದನ್ನು ಕಲಿತೆ. ಪಶು ಆಸ್ಪತ್ರೆಗೆ ಹೋಗಿ ಜಂತುಹುಳದ ಔಷಧಿ, ಲಸಿಕೆ ಹಾಕಿಸಿಕೊಂಡು ಬರುವ ತನಕ ಬೀದಿಯ ನಾಯಿಗಳ ಜೊತೆ ಸೇರಿಸಬೇಡ ಎಂದರು. ಹಿತ್ತಿಲಿನಿಂದ ಬಂದ ಮೇಲೆ ಅದರ ಕಾಲ್ಬೆರಳುಗಳ ಸಂದಿಯಲ್ಲಿ ರಕ್ತ ಹೀರುವ ಉಂಬಳ ಹತ್ತಿದೆಯೇ ನೋಡಬೇಕು. ತಾಯಿ ಬಿಟ್ಟು ಬಂದ ಮರಿ ಕುಂಯ್‌ಗುಟ್ಟಿದರೆ ಮೈಗೆ ಒತ್ತಿಕೊಳ್ಳಲು ಒಂದು ಹಳೇ ನೂಲಿನ ಸೀರೆ ಹಾಕು, ನೀನು ಉಟ್ಟು ಬಿಟ್ಟದ್ದೇ ಆಗಬೇಕು ಎಂದರು. ನಾನು ತವರಿನಿಂದ ತಂದ ಹಸಿರು ಸೀರೆ ಹಾಕಿದೆ. ಹಾಕುವಾಗ ನನಗೂ ತವರು ನೆನಪಾಗಿ ಕಣ್ಣು ತುಂಬಿತು. ಗೋಡೆಯಾಚೆಯಿಂದ ಟೀಚರ್ ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಒಂದು ಲೋಟ ಕಾಫಿ ಗೋಡೆಯ ಮೇಲೆ ಬಂದು ಕೂತಿತು.

ಇನ್ನು ಜಾಗದ ಸಮಸ್ಯೆ. ಆಷಾಢದಲ್ಲಿ ಮಲೆನಾಡಿನ ಹಿತ್ತಿಲಿಗೆ ಮರಿಯನ್ನು ಇಳಿಸಿದರೆ ಅದು ತೇಲಿಕೊಂಡೇ ಹೋಗಬೇಕು. ಅದಕ್ಕೆ ಟೀಚರ್ ಒಂದು ಉಪಾಯ ಹೇಳಿದರು. ಹಿಂಬದಿಯ ಸೌದೆ ಕೊಟ್ಟಿಗೆಯಲ್ಲಿ ಒಂದು ಹಳೇ ಗೋಣಿಚೀಲ ಹಾಸಿ ಅದರ ಮೇಲೇ ಬಿಡು, ಮಳೆ ಬಿಟ್ಟ ಮೇಲೆ ಅಂಗಳ ತೋರಿಸಿದರಾಯಿತು ಎಂದರು. ಟೈಗರ್ ಜಾಣ. ನಡುಮನೆಯಲ್ಲಿ ಎಲ್ಲಿದ್ದರೂ ಹೊತ್ತಾಯಿತೆಂದರೆ ಕುಂಡೆ ಅಲ್ಲಾಡಿಸುತ್ತ ಕೊಟ್ಟಿಗೆಗೆ ಓಡಿ ಗೋಣಿ ಹತ್ತಿ ಕೂರತೊಡಗಿತು. ಅತ್ತೆ ಬಾಯಿಬಿಟ್ಟು ಹೊಗಳಲಿಲ್ಲವಾದರೂ ದೋಸೆ ಹೊಯ್ಯುವಾಗ ಅಂಚನ್ನು ಸ್ವಲ್ಪ ಜಾಸ್ತಿಯೇ ಗರಿ ಮಾಡುವುದು ನನ್ನ ಕಣ್ಣಿಗೆ ಬಿತ್ತು. ಬುಟ್ಟಿ ಇನ್ನು ಗೂಟದಿಂದ ಇಳಿಯುತ್ತದೆ ಎಂದು ನಾನು ಖುಷಿಯಲ್ಲಿದ್ದೆ.

ಪೂಜೆಯ ದಿನ ಬಂತು. ಟೈಗರನ್ನು ಬಚ್ಚಲುಮನೆಯಲ್ಲಿ ಕೂಡಿಹಾಕಿ ಚಿಲಕ ಹಾಕಿದೆವು. ಆ ಭರವಸೆಯ ಮೇಲೆಯೇ ಟೀಚರ್ ಮೊದಲ ಸಲ ಗೋಡೆ ಬಿಟ್ಟು ಬಾಗಿಲಿನಿಂದ ನಮ್ಮ ಮನೆಯೊಳಗೆ ಬಂದು, ಗೋಡೆಯ ಪಕ್ಕದ ಬೆಂಚಿನ ಮೇಲೆ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಳೆ ಹಿಡಿದಿತ್ತು. ಬಂದವರ ಕಾಲಿನ ಕೆಸರು ಒಳಗೆ ಬರದಿರಲೆಂದು ನಮ್ಮ ಯಜಮಾನರು, ಎಲ್ಲ ಮಲೆನಾಡಿಗರೂ ಮಾಡುವಂತೆ, ಮೆಟ್ಟಿಲಿನಿಂದ ಹೊಸ್ತಿಲವರೆಗೆ ಸಾಲಾಗಿ ಗೋಣಿಚೀಲ ಹಾಸಿದ್ದರು. ಅದರಲ್ಲಿ ನನಗಾಗಲಿ ಟೀಚರಿಗಾಗಲಿ ಏನೂ ತಪ್ಪು ಕಾಣಲಿಲ್ಲ. ಗೋಣಿ ಹಾಸುವುದು ನಮಗೆಲ್ಲ ಅಷ್ಟು ಅಭ್ಯಾಸ.

ಸತ್ಯನಾರಾಯಣನ ಕಥೆ ಓದುವುದು ಮುಗಿಯುತ್ತ ಬಂದಿತ್ತು. ಕೈ ತೊಳೆಯಲು ಹೋದ ಯಾರೋ ಬಚ್ಚಲಿನ ಚಿಲಕ ತೆಗೆದರು. ಟೈಗರ್ ಬಾಣದ ಹಾಗೆ ಹೊರಗೆ ಬಂತು. ಮಂಡಲದ ಪಕ್ಕದಲ್ಲೇ ಹಾಯಿತು, ಪ್ರಸಾದದ ಪಾತ್ರೆಯ ಪಕ್ಕದಲ್ಲೇ ಹಾಯಿತು, ಕೂತಿದ್ದವರ ತೊಡೆಗಳನ್ನು ಹಾರಿತು. ಕೊಟ್ಟಿಗೆಯ ಬಾಗಿಲು ಮುಚ್ಚಿದ್ದನ್ನು ಕಂಡು ಹಿಂದಕ್ಕೆ ತಿರುಗಿ, ಅಳುಮುಖ ಮಾಡಿಕೊಂಡು ಮುಂಬಾಗಿಲಿಗೆ ಓಡಿತು. ಅಲ್ಲಿ ಅದರ ಕಣ್ಣೆದುರು ಹೊಚ್ಚಹೊಸ ಗೋಣಿಗಳ ಸಾಲು. ಮೊದಲ ಗೋಣಿಯ ಮೇಲೆ ಶೃಂಗೇರಿಯ ಮಾವ, ಅತ್ತೆಯ ಅಣ್ಣ, ತಡವಾಗಿ ಬಂದವರು, ಮಡಿಪಂಚೆಯಲ್ಲಿ ಆಗತಾನೆ ಕಾಲು ತೊಳೆದು ನಿಂತಿದ್ದರು. ಟೈಗರ್ ಅವರ ಪಾದದ ಪಕ್ಕದಲ್ಲೇ ಕೂತು, ಜನ್ಮದ ಭಾರ ಇಳಿಸಿದ ಮುಖ ಮಾಡಿ ಹೊಯ್ಯಿತು. ಹೊಯ್ದು ಮುಗಿಸಿ, ದೋಸೆಯ ಅಂಚು ಎಲ್ಲಿ ಎಂಬಂತೆ ತಲೆಯೆತ್ತಿ ನನ್ನನ್ನು ಹುಡುಕಿತು.

ಅತ್ತೆಯ ಮುಖ ಕೆಂಪಾಯಿತು. ಅವರು ಜಗಲಿಯ ಗೂಟದ ಕಡೆ ಹೆಜ್ಜೆ ಹಾಕಿದರು. ಹೋಯಿತು, ನನ್ನ ಮರಿ ಹೋಯಿತು ಎಂದುಕೊಂಡೆ.

"ಪದ್ಮಕ್ಕ, ನಿಂತ್ಕಳಿ."

ಎಲ್ಲರೂ ತಿರುಗಿ ನೋಡಿದರು. ಮರಿ ಹೊರಗೆ ಬಂದ ಕ್ಷಣದಲ್ಲೇ ಜಲಜಾಕ್ಷಿ ಟೀಚರ್ ಬೆಂಚಿನ ಮೇಲೆ ಹತ್ತಿದ್ದರು. ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದಿದ್ದಾರೆ, ಇನ್ನೊಂದರಲ್ಲಿ ಮನೆಯೊಳಗೇ ಬಿಚ್ಚಿದ ಕೊಡೆ, ಕಾಲು ಗಡಗಡ ನಡುಗುತ್ತಿದೆ. ಊರಿನ ಮಕ್ಕಳನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದವರು ತಾವೇ ನಿಂತಿದ್ದರು. ಧ್ವನಿ ಮಾತ್ರ ಶಿಶುವಿಹಾರದ್ದೇ.

"ಬಚ್ಚಲಲ್ಲಿ ಮಾಡಬೋದಿತ್ತು, ಮಾಡ್ಲಿಲ್ಲ. ದೇವರ ಮುಂದೆ ಮಾಡಬೋದಿತ್ತು, ಮಾಡ್ಲಿಲ್ಲ. ಅಷ್ಟು ಹೊತ್ತು ತಡ್ಕಂಡು ಗೋಣಿ ಹುಡುಕ್ಕಂಡು ಹೋಯ್ತು. ಗೋಣಿ ಮೇಲೆ ಮಾಡು ಅಂತ ಕಲ್ಸಿದ್ದು ನಾನು. ಎಲ್ಲಾ ಮನೆ ಬಾಗಿಲಲ್ಲೂ ಗೋಣಿ ಇರತ್ತೆ ಅಂತ ಯೋಚ್ನೆ ಮಾಡದೆ ಇದ್ದಿದ್ದೂ ನಾನು. ಅದನ್ನ ಎಂತಕ್ಕೆ ಬುಟ್ಟಿಗೆ ಹಾಕ್ತೀರಿ?"

ಅತ್ತೆ ಮಡಿಯ ಮಾತು ತೆಗೆಯಲು ಬಾಯಿ ತೆರೆದರು. ಟೀಚರ್ ಅವರಿಗೆ ಅವಕಾಶ ಕೊಡಲಿಲ್ಲ. ಈ ಸಲ ಧ್ವನಿ ತಗ್ಗಿಸಿ, ಬಹಳ ಮೆಲ್ಲಗೆ ಕೇಳಿದರು.

"ನಿಮ್ಮ ರಮೇಶ ಶಿಶುವಿಹಾರದ ಜಮಖಾನದ ಮೇಲೆ ಒಂದು ವರ್ಷ ಪೂರ್ತಿ ಮಾಡಿದ. ನಾನು ಅವನನ್ನ ವಾಪಸ್ ಕಳಿಸಿದ್ನಾ?"

ಮೊದಲು ನಕ್ಕವರು ಪೂಜೆ ಮಾಡಿಸುತ್ತಿದ್ದ ಭಟ್ಟರು. ಆಮೇಲೆ ಶೃಂಗೇರಿ ಮಾವ ಒಂದು ಕಾಲೆತ್ತಿಕೊಂಡೇ ನಗತೊಡಗಿದರು. ಯಜಮಾನರು ತಲೆ ತಗ್ಗಿಸಿ ಮಂಡಲದ ರಂಗೋಲಿಯನ್ನು ಹೊಸದಾಗಿ ನೋಡುವವರಂತೆ ನೋಡುತ್ತಿದ್ದರು. ಅತ್ತೆ ಬುಟ್ಟಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ತಿರುಗಿದಾಗ ಮುಖದಲ್ಲಿ ಸಿಟ್ಟಿತ್ತು, ಆದರೆ ತುಟಿ ಅವರ ಮಾತು ಕೇಳುತ್ತಿರಲಿಲ್ಲ. "ಆ ಗೋಣಿ ತೊಳ್ದು ಕೊಟ್ಟಿಗೆಗೆ ಹಾಕೇ, ಅದಕ್ಕೇ ಇರ್ಲಿ. ಅಣ್ಣ, ನೀ ಮತ್ತೊಂದು ಸಲ ಸ್ನಾನ ಮಾಡು" ಎಂದರು. ಅಷ್ಟೇ ತೀರ್ಪು. ಬುಟ್ಟಿ ಮರುದಿನದಿಂದ ಈರುಳ್ಳಿ ಇಡಲು ಅಡುಗೆಮನೆಗೆ ಹೋಯಿತು. ನನ್ನ ಕೈತಪ್ಪುಗಳ ಮೇಲಿನ ಗೊಣಗಾಟವೂ ಯಾಕೋ ಆಮೇಲೆ ಕಡಿಮೆಯಾಯಿತು.

ಟೀಚರ್ ತಮ್ಮ ಪಾಠವನ್ನು ತಾವೇ ತಿದ್ದಿದರು. ಗೋಣಿಯನ್ನು ಕತ್ತರಿಸಿ ಚಿಕ್ಕದು ಮಾಡಿಸಿದರು, ಅದನ್ನು ಕೊಟ್ಟಿಗೆಯಿಂದ ಬಾಗಿಲಿಗೆ, ಬಾಗಿಲಿನಿಂದ ಹಿತ್ತಿಲ ಸಂಪಿಗೆ ಮರದ ಬುಡಕ್ಕೆ ದಿನ ದಿನ ಸರಿಸಲು ಹೇಳಿದರು. ಕೊನೆಕೊನೆಗೆ ಗೋಣಿ ಕರವಸ್ತ್ರದಷ್ಟಾಯಿತು. ಟೈಗರ್ ಅಷ್ಟರ ಮೇಲೇ ಗುರಿಯಿಟ್ಟು ಕೂರುವುದನ್ನು ನೋಡಲು ಅತ್ತೆಯೂ ಕಿಟಕಿಗೆ ಬರುತ್ತಿದ್ದರು. ಒಂದು ದಿನ ಆ ಚೂರನ್ನೂ ತೆಗೆದೆವು. ಟೈಗರ್ ಮರದ ಬುಡವನ್ನು ಮೂಸಿ, ಒಂದು ಸುತ್ತು ಸುತ್ತಿ, ಮಣ್ಣಿನ ಮೇಲೇ ಕೂತಿತು. ಗೋಡೆಯ ಮೇಲಿನ ಕೊಡೆ ಸಂತೋಷಕ್ಕೆ ಮೇಲೆ ಕೆಳಗೆ ಕುಣಿಯಿತು.

ದಶಕ ಮುಗಿಯುವ ಹೊತ್ತಿಗೆ ಟೀಚರ್ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನರಸಿಂಹರಾಜಪುರದಿಂದ ಅವರ ತಮ್ಮ ಬಂದು ಕರೆದುಕೊಂಡು ಹೋದ. ಟೈಗರ್ ಅಷ್ಟರಲ್ಲಿ ಗಡವ ನಾಯಿಯಾಗಿತ್ತು. ಟೀಚರ್ ಹೋದ ಮೇಲೂ ಬೆಳಿಗ್ಗೆ ಸಂಪಿಗೆ ಮರದ ಬುಡದ ಕೆಲಸ ಮುಗಿಸಿ, ಗೋಡೆಯ ಕಡೆ ಒಮ್ಮೆ ನೋಡಿಯೇ ಒಳಗೆ ಬರುತ್ತಿತ್ತು.

ನಾನು ನೋಡಲು ಹೋದಾಗ ಟೀಚರ್ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿದ್ದರು. ತಮ್ಮನ ಹೆಂಡತಿ, ಬಹಳ ಒಳ್ಳೆಯ ಹೆಂಗಸು, ನೀವು ಇದ್ದೀರಲ್ಲ ಎಂದು ನನ್ನನ್ನು ಕೂರಿಸಿ ಸಂತೆಗೆ ಹೋದರು. ಟೀಚರ್ ತಮ್ಮ ಶಿಶುವಿಹಾರದಲ್ಲಿ ಕಲಿತ ವಕೀಲನ ಬಗ್ಗೆ, ಅತ್ತೆಯ ಮಂಡಿನೋವಿನ ಬಗ್ಗೆ, ಮರಿಯ ಹಲ್ಲಿನ ಬಗ್ಗೆ ವಿಚಾರಿಸಿದರು. ಮರಿ ಅಲ್ಲ ಟೀಚರ್, ಅದಕ್ಕೆ ಮೂತಿ ನರೆಯುತ್ತ ಬಂತು ಎಂದೆ. ನಕ್ಕರು. ನಗುತ್ತಿದ್ದವರು ನಡುವೆ ಸುಮ್ಮನಾದರು. ಹೊದಿಕೆಯ ಅಂಚನ್ನು ಬೆರಳಿನಿಂದ ಹೊಸೆದರು. ನಾನು ಏನೋ ಹೇಳುತ್ತಲೇ ಇದ್ದೆ. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಾಗಲಷ್ಟೇ ಹೊದಿಕೆ ಒದ್ದೆಯಾದದ್ದು ನನಗೆ ಕಂಡಿತು.

ನಾನು ಬಾಯಿ ಬಿಡಲಿಲ್ಲ. ಬಿಸಿನೀರು ತಂದೆ, ಹಾಸಿಗೆಯ ಬಟ್ಟೆ ಬದಲಾಯಿಸಿದೆ, ಅವರನ್ನು ಒರೆಸಿ ಬೇರೆ ಸೀರೆ ಸುತ್ತಿದೆ. ಎಲ್ಲ ಮುಗಿಯುವ ತನಕ ಅವರು ಗೋಡೆಯನ್ನೇ ನೋಡುತ್ತಿದ್ದರು. ಕೊನೆಗೆ, "ಊರಿಗೆಲ್ಲ ಕಲ್ಸಿದೋಳ ಗತಿ ನೋಡು. ತಪ್ಪಾಯ್ತು ಕಣೇ" ಎಂದರು. ಅಷ್ಟು ಸಣ್ಣ ಧ್ವನಿಯನ್ನು ನಾನು ಅವರಿಂದ ಯಾವತ್ತೂ ಕೇಳಿರಲಿಲ್ಲ.

"ತಪ್ಪು ಮರೀದಲ್ಲ ಟೀಚರ್, ಹೊತ್ತು ನೋಡದೆ ಇದ್ದವರದ್ದು" ಎಂದೆ. "ನೀವು ಮಾತು ನಿಲ್ಲಿಸಿದಾಗಲೇ ಬೆಲ್ ಹೊಡೆದಿತ್ತು. ನಾನೇ ಕೇಳಿಸಿಕೊಳ್ಳಲಿಲ್ಲ."

ಅವರು ನಿಧಾನವಾಗಿ ಈ ಕಡೆ ತಿರುಗಿದರು. ಕನ್ನಡಕವಿಲ್ಲದ ಕಣ್ಣುಗಳಿಂದ ನನ್ನನ್ನು ದಿಟ್ಟಿಸಿದರು. ಆಮೇಲೆ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗಲಿಲ್ಲ, ಎರಡೂ ಇರಬೇಕು. ನಾನು ಅಡುಗೆಮನೆಗೆ ಹೋಗಿ, ಬೆಳಗಿನ ದೋಸೆ ಮುಚ್ಚಿಟ್ಟಿದ್ದನ್ನು ಕಂಡು ಒಂದು ಅಂಚು ಮುರಿದು ತಂದೆ.

"ಒಳಗೆ ಮಾಡಿದ್ರೆ ಅಂಚಿಲ್ಲ ಅಲ್ದನೇ. ಮರ್ತ್ಯಾ?" ಎಂದರು.

ಇದು ನಿಮಗಲ್ಲ, ನನಗೆ, ನಾನು ಬಾಯಿ ಬಿಡದೆ ಒರೆಸಿದ್ದಕ್ಕೆ ಎಂದೆ. ಟೀಚರ್ ಕೈ ಚಾಚಿ ಅದನ್ನು ತೆಗೆದುಕೊಂಡು ಎರಡು ಮಾಡಿದರು. ಒಂದು ಚೂರನ್ನು ನನ್ನ ಬಾಯಿಗಿಟ್ಟು, "ಶಭಾಷ್ ಮರಿ" ಎಂದರು. ಇನ್ನೊಂದನ್ನು ದಿಂಬಿನ ಹತ್ತಿರವಿದ್ದ ಪೇಪರಿನ ತುಂಡಿನಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟರು.

ಅವರನ್ನು ಮತ್ತೆ ನೋಡಲಾಗಲಿಲ್ಲ. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಅವರನ್ನು ನೋಡಿಕೊಂಡು ಬಂದ ಆ ಸಂಜೆ ಕೊಪ್ಪದಲ್ಲಿ ಬಸ್ ಇಳಿದು ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಪೊಟ್ಟಣ ಬಿಚ್ಚಿ ಟೈಗರ್ ಮುಂದೆ ಹಿಡಿದೆ. ದೋಸೆ ಮೆತ್ತಗಾಗಿತ್ತು. ಅಂಚು ಕಂಡರೆ ಹಾರಿ ಕಸಿಯುವ ನಾಯಿ ಅವತ್ತು ಹಾರಲಿಲ್ಲ. ಗೋಡೆಯ ಆಚೆ ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ ಆ ಕೈಯ ವಾಸನೆಯನ್ನು ಬಹಳ ಹೊತ್ತು ಮೂಸಿತು, ಆಮೇಲೆ ಮೆಲ್ಲಗೆ ತಿಂದಿತು.